ಮದ್ದುಂಟು

ಪ್ರಭುಸ್ವಾಮಿ ನನ್ನ ತಮ್ಮನ ಹಿರಿಮಗ, ಲಾರಿ ಡ್ರೈವರ್. ಎಚ್‌ಐವಿ ಇದೆಯೆಂದು ಗೊತ್ತಾಗಿ ವರ್ಷವಾಗಿತ್ತು. ಎರಡು ಸಾವಿರದ ಮೂರನೇ ಇಸವಿ, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ. ಅವನ ಮುಖ, ಬೆನ್ನಿನ ಮೇಲೆಲ್ಲ ಕಪ್ಪು ಹಕ್ಕಳೆ ಕಟ್ಟಿದ ಹುಣ್ಣುಗಳೆದ್ದವು. ಅಂಗೈ ತುಂಬ ತಾಮ್ರದ ಬಣ್ಣದ ಮಚ್ಚೆ. ಕಿವಿಯೂ ಮಂದವಾಯಿತು. ಊರವರು ಕುಷ್ಠವೆಂದರು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆ.

ಡಾಕ್ಟರು ಮಂಗಳೂರಿನ ಕಡೆಯವರು. ಅವನಿಗೆ ಕೇಳಿಸದೆಂದು ನನಗೇ ಹೇಳಿದರು: "ಇದು ಸಿಫಿಲಿಸ್, ಅಜ್ಜ. ಎಚ್‌ಐವಿ ಇದ್ದವರಲ್ಲಿ ಹೀಗೆ ವೇಷ ಮರೆಸಿ ಬರ್ತದೆ. ಹೆದರಬೇಡಿ, ಮದ್ದುಂಟು. ಹೆಂಡತಿಯನ್ನೂ ಕರ್ಕೊಂಡು ಬನ್ನಿ."

ಮೊದಲ ಮಾತು ನನ್ನ ತಲೆಗೆ ಹತ್ತಲಿಲ್ಲ. ನಮ್ಮಲ್ಲಿ ಕಾಯಿಲೆಗೆ ಕೊಡುವುದು ಔಷಧಿ. ಮದ್ದು ಅಂದರೆ ಗಂಡನನ್ನು ವಶ ಮಾಡಿಕೊಳ್ಳಲು ಹೆಂಗಸು ಅನ್ನದಲ್ಲಿ ಕಲಸಿ ಇಕ್ಕುವ ವಿಷ. ಮದ್ದು ಉಂಡಿದ್ದಾನೆ, ಹೆಂಡತಿಯನ್ನು ಕರೆತಾ. ನನಗೆ ಕೇಳಿದ್ದು ಅಷ್ಟೇ.

ಊರಿಗೆ ಬಂದಾಗ ಅವನ ತಮ್ಮ ವೀರಭದ್ರಸ್ವಾಮಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತುರುಕುತ್ತಿದ್ದ.

"ಏನಂದ್ರು ದೊಡ್ಡಪ್ಪ?"

"ಮದ್ದು ಉಂಡವ್ನಂತೆ ಕಣಪ್ಪ. ಹೇಮಶ್ರೀನ ಕರ್ಕಬಾ ಅಂದ್ರು."

ಕೈಯಲ್ಲಿದ್ದ ಸೌದೆಯನ್ನು ಅವನು ಕೆಳಗಿಡಲಿಲ್ಲ. ಎಲೆ ಪೋಣಿಸುತ್ತ ಕೂತಿದ್ದ ಅಣ್ಣನ ಹೆಂಡತಿಯನ್ನು ಜಡೆ ಹಿಡಿದು ಎಳೆದು ತಂದ. ಅತ್ತಿಗೆಮ್ಮ ಎನ್ನುತ್ತಿದ್ದ ಬಾಯಲ್ಲೇ ಮುಂಡೆ ಎಂದ.

"ಯಾವ ಕೈಲಿ ಇಕ್ದೆ? ಯೋಳು!"

ಅವಳತ್ತೆ ಪುಟ್ಟಮಲ್ಲಮ್ಮ ಬಾಗಿಲಲ್ಲೇ ನಿಂತು, "ಸಾರ್ಗೆ ಉಪ್ಪಾಕಕ್ ಬರ್ದೋಳ್ಗೆ ಮದ್ದಿಕ್ಕಕ್ ಬತ್ತು ನೋಡ್ಲಾ!" ಎಂದಳು.

"ಅನ್ನ ಇಕ್ದೆ. ಬಲಗೈಲೇ ಇಕ್ದೆ. ಎಡಗೈಲಿ ಯಾರಾದ್ರೂ ಇಕ್ತಾರಾ?"

ಆ ಬಲಗೈಯನ್ನು ಒಗೆಯುವ ಕಲ್ಲಿನ ಮೇಲೆ ಒತ್ತಿ ಹಿಡಿದು ಹೊಡೆದ. ಕಬ್ಬು ಮುರಿದ ಸದ್ದು. ಎರಡನೇ ಏಟಿಗೆ ಬೆರಳುಗಳು ದಿಕ್ಕು ತಪ್ಪಿದವು. ಮೂರನೆಯದಕ್ಕೆ ಅವಳ ಕೂಗು ನಿಂತಿತು. ನಾನು ಬಟ್ಟೆಗಂಟು ಹಿಡಿದು ನಿಂತೇ ಇದ್ದೆ.

ಕೈ ಅಂಗಾತ ಹೊರಳಿತು. ಅಂಗೈ ಮೇಲೆ ರಕ್ತದ ನಡುವೆ ಮಚ್ಚೆಗಳು. ಹೊಗೆಸೊಪ್ಪಿನ ಅಂಟೆಂದು ಬಗ್ಗಿ ಉಜ್ಜಿದೆ. ಹೋಗಲಿಲ್ಲ. ತಾಮ್ರದ ಬಣ್ಣ. ಪ್ರಭುವಿನ ಅಂಗೈಯಲ್ಲಿದ್ದಂಥವೇ. ಮದ್ದು ಇಕ್ಕುವವಳು ತಾನೇ ಉಣ್ಣುತ್ತಾಳೆಯೇ?

"ಬುಡ್ಲಾ! ಇವ್ಳ್ಗೂ ಅದೇ ಐತೆ ಕಣ್ಲಾ!" ಎಂದು ಅವಳ ಮೇಲೆ ಬಿದ್ದೆ. ನಾಲ್ಕನೇ ಏಟು ನನ್ನ ಹೆಗಲಿಗೆ ಬಿತ್ತು.

ಅಂದೇ ವ್ಯಾನಿನಲ್ಲಿ ಅವಳನ್ನು ಮೈಸೂರಿಗೆ ಒಯ್ದೆ. ಡಾಕ್ಟರು ಮೊದಲು ಅವಳ ಕೈಗೆ ಪಟ್ಟಿ ಕಟ್ಟಿಸಿದರು. ಮದ್ದು ಎಂದರೇನೆಂದು ನಾನೇ ಕೇಳಿದೆ. ಪೆನಿಸಿಲಿನ್ ಸೂಜಿ ಎತ್ತಿ ತೋರಿಸಿ, "ಇದೇ ಅಜ್ಜ, ಮದ್ದು" ಎಂದರು.

ತಿಂಗಳೊಳಗೆ ಪ್ರಭುವಿನ ಹುಣ್ಣು ಒಣಗಿದವು. ಹೇಮಶ್ರೀಗೆ ಬಲಗೈ ಬೆರಳು ಮಾತ್ರ ಮತ್ತೆ ಮಡಿಸಲು ಬರಲಿಲ್ಲ. ಗಂಡ ಹೆಂಡತಿ ಬೇರೆ ಮನೆ ಮಾಡಿದರು. ವೀರಭದ್ರಸ್ವಾಮಿಗೆ ಆ ಮನೆಯಲ್ಲಿ ಊಟಕ್ಕೆ ಎಲೆ ಹಾಕುವುದಿಲ್ಲ.

ನಾನು ಮೊದಲ ಸಲ ಹೋದಾಗ ಹೇಮಶ್ರೀಯ ಅನ್ನದ ಕೈ ಎಲೆಯ ಮೇಲೆ ತಡೆದು ನಿಂತಿತು.

"ಎಡಗೈ ಕಣ್ ದೊಡ್ಡಮಾವ. ಉಣ್ತೀರಾ?"

"ಇಕ್ಕವ್ವ" ಎಂದೆ.