ರಾಣಿಯ ವಂಶ, ಅತ್ತೆಯ ಬೆರಳು

ನಮ್ಮ ಹಾರ್ಟ್ಸ್ ಬೆಟ್ಟದ ಕಣಿವೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ಯಾರೂ ಬರೆದಿಡುವುದಿಲ್ಲ. ಮೈಮೇಲೆ ಎಣಿಸುತ್ತೇವೆ. ಮೂಲದ ಗಂಡಹೆಂಡತಿ ತಲೆಯಲ್ಲಿ, ಅವರ ಮಕ್ಕಳು ಕುತ್ತಿಗೆಯಲ್ಲಿ, ಮೊಮ್ಮಕ್ಕಳು ಹೆಗಲಲ್ಲಿ. ಆಮೇಲೆ ಒಂದೊಂದು ತಲೆಮಾರಿಗೆ ಒಂದೊಂದು ಕೀಲು: ಮೊಣಕೈ, ಮಣಿಕಟ್ಟು, ನಡುಬೆರಳಿನ ಮೂರು ಗೆಣ್ಣು, ಕೊನೆಗೆ ಉಗುರು. ಉಗುರಿನೊಳಗೆ ಬಂದವರೆಲ್ಲ ಬಂಧುಗಳು, ಅವರೊಳಗೆ ಮದುವೆ ಕೂಡದು ಅಂತ ಚರ್ಚಿನ ಕಟ್ಟಳೆ. ಉಗುರು ದಾಟಿ ಗಾಳಿಗೆ ಬಿದ್ದರೋ, ಬೇರೆಯವರು. ಮದುವೆಯೂಟದ ಬಿಯರಿನ ಪೀಪಾಯಿಗೆ ತೂತು ಕೊರೆಯಬಹುದು.

ಈ ಎಣಿಕೆಗೆ ಇಡೀ ಕಣಿವೆಗೆ ದಿಕ್ಕು ಅಂದರೆ ನನ್ನ ಅತ್ತೆ ಗೇಪಾ. ಎಂಬತ್ತು ದಾಟಿದೆ. ಬೆಳಿಗ್ಗೆ ಏನು ತಿಂದೆ ಅಂದರೆ ಮರೆತಿರುತ್ತಾಳೆ, ಗಿರಣಿಯವನ ಮುತ್ತಜ್ಜಿಯ ನಾದಿನಿ ಯಾರ ಜೊತೆ ಓಡಿಹೋದಳು ಅಂದರೆ ಹೋದ ದಾರಿಯ ಸಮೇತ ಹೇಳುತ್ತಾಳೆ. ಅರವತ್ತು ವರ್ಷದಿಂದ ಇಲ್ಲಿ ಅವಳ ಕೈಯೆಣಿಕೆ ಇಲ್ಲದೆ ಒಂದು ಮದುವೆಯೂ ಆಗಿಲ್ಲ. ನನ್ನ ಮದುವೆಯೂ ಅವಳೇ ಎಣಿಸಿದ್ದು. "ರಿಲಿಂಡಾ, ನೀನು ನಮ್ಮ ಟಾಮ್ಮೋಗೆ ಗಾಳಿ ಕಣೇ," ಅಂದಿದ್ದಳು. ಅದಕ್ಕಿಂತ ಚಂದದ ಮಾತನ್ನು ಟಾಮ್ಮೊ ಇವತ್ತಿನವರೆಗೂ ನನಗೆ ಹೇಳಿಲ್ಲ.

ನಮ್ಮ ಕೋಟೆಮನೆಯ ಹುಡುಗಿ ಹಜೆಕಾಗೂ ಆಡಿನ ಹಾಲು ಕುಡಿಸಿ ಬೆಳೆಸಿದವಳು ನನ್ನ ಅತ್ತೆಯೇ. ಹತ್ತು ವರ್ಷದ ಹಿಂದೆ ಉತ್ತರದ ಸಮುದ್ರದಾಚೆಯ ದೊರೆ ಹಜೆಕಾಳನ್ನು ಕೇಳಿ ಕಳಿಸಿದಾಗ, ಅತ್ತೆ ಎಣಿಸಿ "ಗಾಳಿ" ಅಂದಳು, ಹುಡುಗಿ ರಾಣಿಯಾದಳು. ಅವತ್ತಿನಿಂದ ಆಚೆ ಕಣಿವೆಯವರ ಮುಂದೆ ನಮ್ಮ ಜಂಬ ಹೇಳತೀರದು. ಅವರು ತಮ್ಮ ಹಂದಿಗಳ ಕೊಬ್ಬು ಹೊಗಳಿದರೆ ನಾವು "ಹೌದೌದು, ನಮ್ಮ ರಾಣಿಯೂ ಹಾಗೇ ಹೇಳ್ತಿದ್ಲು" ಅನ್ನುವುದು. ಅಲ್ಲಿಗೆ ಅವರ ಬಾಯಿ ಬಂದ್.

ಈ ವರ್ಷ ವಸಂತದಲ್ಲಿ ರಾಣಿ ಹಠಾತ್ತನೆ ತವರಿಗೆ ಬಂದಳು, ನಾಲ್ಕು ಪೆಟ್ಟಿಗೆಗಳ ಜೊತೆ. ಎಂಟು ದಿನಕ್ಕೆ ಅವಳ ಬೆನ್ನಹಿಂದೆಯೇ ದೊರೆಯ ಕಡೆಯವನು, ಗುಂಜೆಲಿನ್ ಅನ್ನುವವನು, ಬಂದ. ನಯವಾದ ಮಾತು, ಎಣ್ಣೆ ಹಚ್ಚಿದ ಗಡ್ಡ. ವಿಷಯ ಇಷ್ಟೇ: ಹತ್ತು ವರ್ಷಕ್ಕೂ ಮಕ್ಕಳಿಲ್ಲ, ದೊರೆಗೆ ಇನ್ನೊಬ್ಬಳ ಮೇಲೆ ಕಣ್ಣು. ಹಾಗಾಗಿ ತಾನೂ ರಾಣಿಯೂ ಬಂಧುಗಳು, ಈ ಮದುವೆಯೇ ತಪ್ಪು ಅಂತ ಅವನಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿತ್ತು. ತನ್ನ ಕಡೆಯ ಮುದುಕರಿಂದ ಪ್ರಮಾಣ ಮಾಡಿಸಿ ಮೊಹರು ಹಾಕಿದ ಓಲೆ ಕಳಿಸಿದ್ದ. ನಮ್ಮ ಕಡೆಯ ಸಾಕ್ಷಿ ಕೇಳಿ ತೀರ್ಮಾನ ಮಾಡಲು ಬಿಷಪ್ಪರು ಉಡೋ ಅನ್ನುವ ಗುರುಗಳನ್ನು ಕಳಿಸಿದರು. ನಮ್ಮ ಕಡೆಯ ಸಾಕ್ಷಿ ಅಂದರೆ ಇನ್ಯಾರು, ನನ್ನ ಅತ್ತೆ.

ಅಲ್ಲಿಂದ ಶುರುವಾಯಿತು ನೋಡಿ ಮನೆಗೆ ಜನ. ಕಮ್ಮಾರ ವೋಲ್ಕರ್ ಬಂದ. "ಗೇಪಕ್ಕಾ, ಗಾಳಿ ಅಂತಲೇ ಹೇಳ್ಬಿಡು. ರಾಣಿ ಹೋದ್ರೆ ಆಚೆ ಕಣಿವೆಯವರು ನಮ್ಮನ್ನ ಬದುಕಗೊಡ್ತಾರಾ?" ಗುಂಜೆಲಿನ್ ಬಂದ, ತುಪ್ಪಳದ ಹೊದಿಕೆ ತಂದ. "ಅಜ್ಜೀ, ಚಳಿಗೆ ಬೆಚ್ಚಗಿರುತ್ತೆ. ಬಂಧು ಅನ್ನೋ ಒಂದು ಮಾತು, ಅಷ್ಟೇ."

"ಬೇಸಿಗೆ ಬಂತಲ್ಲಪ್ಪಾ," ಅಂದಳು ಅತ್ತೆ. ಆದರೆ ಹೊದಿಕೆ ವಾಪಸ್ ಕೊಡಲಿಲ್ಲ.

ಹಜೆಕಾಳಿಗೆ ಏನು ಬೇಕು ಅಂತ ಮಾತ್ರ ಯಾರೂ ಕೇಳಿರಲಿಲ್ಲ. ವಿಚಾರಣೆಯ ಹಿಂದಿನ ದಿನ ಅವಳೇ ನಮ್ಮ ಅಂಗಳಕ್ಕೆ ಬಂದು, ನಾವು ಬಾತುಕೋಳಿಗಳ ಪುಕ್ಕ ಕೀಳುತ್ತಿದ್ದ ಕಡೆ ಕೂತು, ಒಂದನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಹಾಲವ್ವಾ, ಬಂಧು ಅಂತಲೇ ಆಗ್ಲಿ," ಅಂದಳು.

ಅತ್ತೆಯ ಕೈ ನಿಂತಿತು. "ಏನಂದೆ? ರಾಣಿ ಪಟ್ಟ ಬಿಡ್ತೀಯಾ?"

"ಪಟ್ಟ ಹೆಂಗೂ ಹೋಯ್ತು. ಬಂಧು ಅಲ್ಲ ಅಂತಾದ್ರೆ ಅವ್ನು ನನ್ನ ಬಂಜೆ ಅಂತ ಹೇಳಿ ದ್ವೀಪದ ಮಠಕ್ಕೆ ಹಾಕ್ತಾನೆ. ಆ ಮಠ ನೋಡ್ಬಂದಿದೀನಿ. ಮೂರು ಹೊತ್ತೂ ಒಣಮೀನು. ಮಾತಾಡೋಕೆ ಭಾನುವಾರ ಮಾತ್ರ ಅಪ್ಪಣೆ."

"ಭಾನುವಾರ ಮಾತ್ರಾನಾ!" ಅತ್ತೆ ಎದೆ ಹಿಡಿದುಕೊಂಡಳು. ನರಕದ ಬಗ್ಗೆ ಪಾದ್ರಿಗಳು ಎಷ್ಟು ಹೇಳಿದರೂ ಅವಳು ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

"ಬಂಧು ಅಂತಾದ್ರೆ ಯಾರ ತಪ್ಪೂ ಇಲ್ಲ. ಅವರವರು ತಂದಿದ್ದನ್ನ ತಗೊಂಡು ಅವರವರ ಮನೆಗೆ. ನಾನು ಇಲ್ಲಿರ್ತೀನಿ. ಕುದುರೆ ಸಾಕ್ತೀನಿ."

ಅತ್ತೆ ಕೈಯಲ್ಲಿದ್ದ ಬಾತುಕೋಳಿಯನ್ನು ಕೆಳಗಿಟ್ಟಳು. ಆಮೇಲೆ, "ಕೂಸೇ, ಹತ್ತು ವರ್ಷದ ಹಿಂದೆ ಗಾಳಿ ಅಂದಿದೀನಿ. ಈಗ ಸಂತರ ಮೂಳೆ ಮುಟ್ಟಿ ಆಣೆ ಮಾಡಿ ಬಂಧು ಅಂತ ಸುಳ್ಳು ಹೆಂಗೆ ಹೇಳ್ಲಿ? ನಾಲಿಗೆ ಕಪ್ಪಗಾಗುತ್ತೆ. ಆ ನಾಲಿಗೆ ಬಿಟ್ರೆ ನಂಗೆ ಇನ್ನೇನಿದೆ ಹೇಳು? ಕೈ ಏನು ತೋರಿಸುತ್ತೋ ಅದನ್ನೇ ಹೇಳ್ತೀನಿ," ಅಂದಳು.

ಹಜೆಕಾ ಬಾತುಕೋಳಿಯನ್ನು ಅದು ದೊರೆಯೇ ಅನ್ನುವ ಹಾಗೆ ಕಿತ್ತಳು.

ಮರುದಿನ ಕೋಟೆಯ ಮುಂದಿನ ಲಿಂಡನ್ ಮರದ ಕೆಳಗೆ ಇಡೀ ಕಣಿವೆ ಸೇರಿತು. ಮಗ್ಗುಲಲ್ಲಿ ಟಾಮ್ಮೊ ನಿಂತಿದ್ದ. ಅವನ ಜೊತೆ ನಾನು ಮಾತು ಬಿಟ್ಟಿದ್ದೆ. ಬೆಳಿಗ್ಗೆ ಬಾಗಿಲು ಹಾಕದೆ ಹೋಗಿ, ನಾನು ಬಿಯರಿಗೆಂದು ಮೊಳಕೆ ಕಟ್ಟಿದ್ದ ಬಾರ್ಲಿಯನ್ನೆಲ್ಲ ಆಡುಗಳಿಗೆ ತಿನ್ನಿಸಿದ್ದ. ಉಡೋ ಗುರುಗಳು ಬೆಂಚಿನ ಮೇಲೆ ಕೂತರು. ದುಂಡಗಿನ ಮನುಷ್ಯ, ಊಟದ ಹೊತ್ತಿಗೆ ಮುಗಿಸುವ ಆತುರ. ಹಜೆಕಾ ಅವರ ಎಡಕ್ಕೆ, ಗುಂಜೆಲಿನ್ ಬಲಕ್ಕೆ.

ಅತ್ತೆ ಪ್ರಮಾಣ ಮಾಡಿ, ಎಡಗೈಯ ಅಂಗಿತೋಳು ಮೇಲೆತ್ತಿ, ಬಲಗೈಯಿಂದ ತೋರಿಸುತ್ತ ಹೊರಟಳು.

"ತಲೇಲಿ ಮುದುಕ ಲ್ಯೂಡರ್, ಅವನ ಹೆಂಡ್ತಿ. ಕುತ್ತಿಗೇಲಿ ಅವರ ಹೆಣ್ಮಕ್ಕಳು, ಐಸಾ, ಉಟಾ. ಐಸಾ ಹಡಗಿನವನ ಜೊತೆ ಉತ್ತರಕ್ಕೆ ಹೋದ್ಲು. ತಿಮಿಂಗಿಲದ ಹಲ್ಲು ತೋರಿಸಿ ಮರುಳು ಮಾಡಿದ್ದ ಅವ್ನು. ದೊರೆ ಅವಳ ವಂಶ. ಉಟಾ ಇಲ್ಲೇ ಉಳಿದ್ಲು. ಹೆಗಲಲ್ಲಿ ಉಟಾನ ಮಗ ಮಾರ್ಕ್ವಾರ್ಡ್, ಒಂದೇ ಕಿವಿ. ಮೊಣಕೈಲಿ ಅವನ ಮಗಳು ಗೋದಾ. ಬಿಷಪ್ಪರ ಕೈಗೆ ಮುತ್ತಿಡೋ ಬದ್ಲು ಕಚ್ಚಿದೋಳು…"

"ಅದನ್ನು ಬರೆಯಬೇಡ," ಅಂದರು ಗುರುಗಳು, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಲಿಪಿಕಾರನಿಗೆ.

"ಮಣಿಕಟ್ಟಲ್ಲಿ ಗೋದಾನ ಮಗ ಡೆಡಿ. ಜೆರುಸಲೇಮಿಗೆ ಹೋದ, ಭಕ್ತಿಗಲ್ಲ, ಹೆಂಡ್ತಿಗೆ ಹೆದರಿ. ಮೊದಲನೇ ಗೆಣ್ಣಲ್ಲಿ ಅವನ ಮಗಳು ಸ್ವಾನಾ. ಎರಡನೇ ಗೆಣ್ಣಲ್ಲಿ ಅವಳ ಮಗ ಈಕೋ, ಅವನನ್ನ ಹೊರೋಕೆ ಎರಡು ಕುದುರೆ ಬೇಕಿತ್ತು. ಆಮೇಲೆ ಈಕೋನ ಮಗ, ಅಂದ್ರೆ ನಮ್ಮ ಕೂಸಿನ ಅಪ್ಪ. ಆಮೇಲೆ ಕೂಸು." ಅತ್ತೆ ಬೆರಳಿನಾಚೆಗೆ ಎರಡು ಸಲ ಚುಚ್ಚಿ ತೋರಿಸಿದಳು. "ಗಾಳಿ!"

ಜನ ಹೋ ಅಂದರು. ಕಮ್ಮಾರ ಟೋಪಿ ಮೇಲಕ್ಕೆಸೆದ. ಹಜೆಕಾ ಕಣ್ಣು ಮುಚ್ಚಿಕೊಂಡಳು.

ಗುರುಗಳು ಮುಂದಕ್ಕೆ ಬಗ್ಗಿದರು. "ಅಜ್ಜೀ, ಆ ಕೈ ಸ್ವಲ್ಪ ಇಲ್ಲಿ ಕೊಡಿ. ನಿಮ್ಮ ನಡುಬೆರಳಿನ ಮೂರನೇ ಗೆಣ್ಣು ಎಲ್ಲಿ?"

"ಹಂದಿ ಹೊಟ್ಟೇಲಿ, ಗುರುಗಳೇ. ಎಪ್ಪತ್ತು ವರ್ಷ ಆಯ್ತು. ನಾನು ಹನ್ನೆರಡರೋಳು, ಮರಿ ಹಾಕಿದ್ದ ಹಂದಿಗೆ ಟರ್ನಿಪ್ ಗೆಡ್ಡೆ ಕೊಡೋಕೆ ಹೋಗಿ…"

"ಉಗುರು?"

"ಅದೂ ಜೊತೇಲೇ ಹೋಯ್ತು. ಹಂದಿ ಬಿಡಿಸಿ ತಿನ್ನುತ್ತಾ?"

ನಗು ಬಂತು. ಬಂದ ನಗು ಅರ್ಧದಲ್ಲೇ ಒಣಗಿತು. ಅತ್ತೆಯ ಮೊಂಡು ಬೆರಳು ನಮಗೆಲ್ಲ ಗೊತ್ತಿದ್ದದ್ದೇ. ಅದರಿಂದಲೇ ಅವಳು ನಮ್ಮ ಮಕ್ಕಳ ಹೊಟ್ಟೆಗೆ ತಿವಿದು ನಗಿಸಿದ್ದಾಳೆ. ಆದರೆ ಎಣಿಕೆಗೂ ಅದಕ್ಕೂ ಗಂಟುಹಾಕಿ ಯೋಚಿಸಿದವರು ಅರವತ್ತು ವರ್ಷದಲ್ಲಿ ಒಬ್ಬರೂ ಇರಲಿಲ್ಲ.

ಗುರುಗಳು ತಮ್ಮ ದಪ್ಪ ಕೈಯನ್ನೇ ಚಾಚಿ ಮೊದಲಿಂದ ಎಣಿಸಿದರು. ಮೂರನೇ ಗೆಣ್ಣಲ್ಲಿ ಅಪ್ಪ. ಉಗುರಿನ ಮೇಲೆ, ನಟ್ಟನಡುವೆ, ಹಜೆಕಾ.

"ಬಂಧು," ಅಂದರು.

"ನಾನು ಹೇಳ್ಲಿಲ್ವಾ!" ಗುಂಜೆಲಿನ್ ತೊಡೆ ತಟ್ಟಿದ. ಅವನ ಕಡೆ ಯಾರು ನೋಡುತ್ತಾರೆ? ಕಣಿವೆಯ ಜನರೆಲ್ಲ ಆಗಲೇ ತಮ್ಮ ತಮ್ಮ ಅಂಗಿತೋಳು ಮೇಲೆತ್ತಿದ್ದರು. ಹೆಗಲು, ಮೊಣಕೈ, ಮಣಿಕಟ್ಟು… ಎಲ್ಲ ಕಡೆ ಗುಸುಗುಸು. ಅತ್ತೆ ಗಾಳಿ ಅಂದವರಲ್ಲಿ ಎಷ್ಟು ಜನ ನಿಜಕ್ಕೂ ಗಾಳಿ, ಎಷ್ಟು ಜನ ಹಂದಿಯ ಹೊಟ್ಟೆಯೊಳಗಿನವರು?

"ಅಯ್ಯಯ್ಯೋ," ಅಂತ ಗಿರಣಿಯವನ ಹೆಂಡತಿ ಕೂಗಿದಳು, "ನಾವು ಉಗುರು ಕಣ್ರೀ! ಹಂಗಾದ್ರೆ ಇಪ್ಪತ್ತೆರಡು ವರ್ಷ ನಿಮ್ಮ ಹಿಟ್ಟಿನ ಬಟ್ಟೆ ಸುಮ್ಸುಮ್ನೆ ಒಗೆದ್ನಾ ನಾನು?"

ಕಮ್ಮಾರ ವೋಲ್ಕರ್ ಎರಡು ಸಲ ಎಣಿಸಿ, ಮೆಲ್ಲಗೆ ಕೈಯೆತ್ತಿದ. "ಗುರುಗಳೇ, ಒಂದು ಸಂದೇಹ. ಮೂರನೇ ಗೆಣ್ಣಾದ್ರೆ… ಮದುವೆ ಇಲ್ಲ ಅಂತಾನಾ? ತಿಳ್ಕೊಳ್ಳೋಣ ಅಂತ ಕೇಳ್ದೆ, ಅಷ್ಟೇ."

"ತಿಳ್ಕೊಳ್ಳಿ, ತಿಳ್ಕೊಳ್ಳಿ," ಅಂದಳು ಅವನ ಹೆಂಡತಿ ಮೆಕ್ತಿಲ್ಡ್, ಸೊಂಟದ ಮೇಲೆ ಕೈಯಿಟ್ಟು. "ಮನೆಗೆ ಬನ್ನಿ, ಉಳಿದಿದ್ದು ನಾನು ತಿಳಿಸ್ತೀನಿ."

ನಾನೂ ಎಣಿಸಿದೆ. ನಾನು ಟಾಮ್ಮೋಗೆ ಮೂರನೇ ಗೆಣ್ಣು. ಅತ್ತೆಯ ಕಡೆ ನೋಡಿದೆ. ಅವಳು ತನ್ನ ಮೊಂಡು ಬೆರಳನ್ನು ಇನ್ನೊಂದು ಕೈಯೊಳಗೆ ಬಚ್ಚಿಟ್ಟುಕೊಂಡು, ಮರದ ಬುಡದಲ್ಲಿ ಮುದುಡಿ ಕೂತಿದ್ದಳು.

ಗುರುಗಳ ಮುಖ ಬೆವೆತಿತ್ತು. ಒಂದು ಮದುವೆ ಮುರಿಯಲು ಬಂದವರು. ಈಗ ಊಟಕ್ಕೆ ಮೊದಲು ಇನ್ನೂ ನಲವತ್ತು ಮುರಿಯಬೇಕು. ರಾಣಿ ಒಬ್ಬಳನ್ನೇ ಬಂಧು ಅಂದು ಉಳಿದವರನ್ನು ಬಿಡೋಣ ಅಂದರೆ ಅದೇ ಹೆಂಗಸು, ಅದೇ ಬೆರಳು. ಎಲ್ಲವನ್ನೂ ಬಿಡೋಣ ಅಂದರೆ ರಾಣಿಯ ಮದುವೆಯೂ ಉಳಿಯಬೇಕು. ಹಜೆಕಾ ಇದನ್ನು ಅವರಿಗಿಂತ ಮೊದಲೇ ಲೆಕ್ಕ ಹಾಕಿದ್ದಳು ಅಂತ ಕಾಣುತ್ತದೆ. ಬೆಂಚಿನ ಅಂಚನ್ನು ಹಿಡಿದ ಅವಳ ಕೈಗೆಣ್ಣುಗಳು ಬೆಳ್ಳಗಾಗಿದ್ದವು.

ಗುರುಗಳು ತಮ್ಮ ಪುಸ್ತಕ ತಿರುವಿದರು. ತಿರುವಿದರು, ನೀರು ಕುಡಿದರು, ಮತ್ತೆ ತಿರುವಿದರು. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು, ಮುಳುಗುವವನು ಹಲಗೆ ಹಿಡಿದ ಹಾಗೆ ಅದನ್ನು ಹಿಡಿದರು.

"ಕೇಳಿ. ತಿಳಿಯದೆ ಆದ ಮದುವೆ. ದೂರು ಇಲ್ಲದೆ ಚರ್ಚು ಅದರಲ್ಲಿ ಕೈಹಾಕುವುದಿಲ್ಲ. ದೂರು ಕೊಡುವವರು ಆ ಗಂಡ ಇಲ್ಲವೇ ಆ ಹೆಂಡತಿ, ತಾವೇ ಬಂದು, ಎಲ್ಲರೆದುರು ನಿಂತು ಹೇಳಬೇಕು."

"ದೊರೆಯ ದೂರಿದೆ!" ಅಂದ ಗುಂಜೆಲಿನ್.

"ದೊರೆ ಎಲ್ಲಿ?"

"ಅವರು… ನನ್ನನ್ನ ಕಳಿಸಿದಾರೆ."

"ಹೆಂಡತಿ ಜೊತೆ ಇರೋಕೂ ನಿಮ್ಮನ್ನೇ ಕಳಿಸ್ತಿದ್ರಾ? ಸುಮ್ಮನಿರಿ." ಗುರುಗಳು ಎದ್ದುನಿಂತರು. "ಮೂರು ಸಲ ಕೇಳ್ತೀನಿ. ಮೂರನೇ ಸಲ ಆದ ಮೇಲೆ ಯಾರ ಬಾಯಲ್ಲೂ ಈ ಮಾತು ಬರಕೂಡದು, ಸಾಯೋವರೆಗೂ. ಯಾರಿಗಾದರೂ ದೂರಿದೆಯಾ?"

ನಲವತ್ತು ಗಂಡಂದಿರು ನಲವತ್ತು ಹೆಂಡಿರ ಕಡೆ ಓರೆಗಣ್ಣಲ್ಲಿ ನೋಡಿದರು. ಗಿರಣಿಯವನಂತೂ ಅಂಗಿಯ ಮೇಲಿನ ಹಿಟ್ಟು ಕೊಡವಿಕೊಳ್ಳಲು ಶುರುಮಾಡಿದ.

"ಎರಡನೇ ಸಲ. ದೂರಿದೆಯಾ?"

ಟಾಮ್ಮೊ ನನ್ನ ಕಿವಿಯ ಹತ್ತಿರ ಬಗ್ಗಿದ. "ಲೇ, ಆ ಆಡಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡ್ವೇ."

"ಸುಮ್ನಿರಿ. ಯೋಚಿಸ್ತಿದೀನಿ."

ಬೆಳ್ಳಗಾದ. ಹದಿನಾರು ವರ್ಷಕ್ಕೆ ಮೊದಲ ಸಲ ನನ್ನ ಮುಖವನ್ನು ಪೂರ್ತಿ ನೋಡಿದ. ಸ್ವಲ್ಪ ಹೊತ್ತು ನೋಡಲಿ ಅಂತ ಬಿಟ್ಟೆ. ಆಮೇಲೆ ಅವನ ಅಂಗಿತೋಳನ್ನು ಕೆಳಗೆಳೆದು ಗುಂಡಿ ಹಾಕಿದೆ.

"ಮೂರನೇ ಸಲ," ಅಂದರು ಗುರುಗಳು.

"ನಂದಿದೆ."

ಹಜೆಕಾ ಎದ್ದುನಿಂತಿದ್ದಳು. ಜನರ ಬಾಯಿಂದ ಅಯ್ಯೋ ಅನ್ನುವ ಒಂದು ಸದ್ದು ಹೊರಟಿತು, ಹತ್ತು ವರ್ಷದ ಜಂಬವೆಲ್ಲ ಒಂದೇ ಉಸಿರಿನಲ್ಲಿ ಹೋಯಿತು. ಅವಳು ಯಾರನ್ನೂ ನೋಡಲಿಲ್ಲ. "ನನ್ನ ಗಂಡ ನಂಗೆ ಉಗುರಿನ ಬಂಧು. ನಾನೇ ದೂರು ಕೊಡ್ತಿದೀನಿ. ನನ್ನನ್ನ ನನ್ನ ಮನೆಗೆ ಬಿಟ್ಬಿಡಿ."

ಗುರುಗಳಿಗೆ ಎಷ್ಟು ನಿರಾಳವಾಯಿತೆಂದರೆ, ತೀರ್ಪನ್ನು ಲ್ಯಾಟಿನ್ನಿನಲ್ಲಿ ಹೇಳುವುದನ್ನೂ ಮರೆತರು. "ಬಿಟ್ಟಿದೆ! ನಲವತ್ತು ಹಾಗೇ ಉಳಿದಿವೆ, ಒಂದು ಹೋಗಿದೆ. ಅವರವರು ತಂದದ್ದು ಅವರವರಿಗೆ. ಊಟ!"

ಅತ್ತೆ ಕೋಲೂರಿ ಎದ್ದು ಬಂದಳು. "ತಪ್ಪು ನಂದು ಕಣೆ ಕೂಸೇ. ಹತ್ತು ವರ್ಷ…"

"ಹತ್ತು ವರ್ಷ ಒಣಮೀನು ತಿಂದಿದೀನಿ, ಹಾಲವ್ವ. ಅದನ್ನ ತೀರಿಸೋಕೆ ಎಷ್ಟು ಬಾತುಕೋಳಿ ಬೇಕು ಗೊತ್ತಾ?" ಅಂದಳು ಹಜೆಕಾ. ಮುದುಕಿಯ ಮೊಂಡು ಬೆರಳನ್ನು ಹಿಡಿದು ಬಿಡಲೇ ಇಲ್ಲ.

ಆಚೆ ಕಣಿವೆಯವರು ಆಮೇಲೆ ಸುಮ್ಮನಿದ್ದರು ಅಂದುಕೊಂಡಿರಾ? "ನಿಮ್ಮ ರಾಣಿ ವಾಪಸ್ ಬಂದ್ಲಂತೆ?" ಅಂತ ಸಂತೆಯಲ್ಲಿ ಕೇಳೇ ಕೇಳಿದರು. "ಬಂದ್ಲು," ಅಂದಳು ಮೆಕ್ತಿಲ್ಡ್, "ನಿಮ್ಮಲ್ಲಿ ಯಾರಾದ್ರೂ ಹೋದ್ರೆ ತಾನೇ ವಾಪಸ್ ಬರೋಕೆ."

ಅವತ್ತು ಊಟ ಮುಗಿದ ಮೇಲೆ ಗುಂಜೆಲಿನ್ ಹೊರಟುನಿಂತ. ಬಂದ ಕೆಲಸವೇನೋ ಆಗಿತ್ತು, ಆದರೆ ದೊರೆ ಬಿಟ್ಟದ್ದಲ್ಲ, ದೊರೆಯನ್ನೇ ಬಿಟ್ಟದ್ದು ಅಂತ ಅಲ್ಲಿ ಹೇಗೆ ಹೇಳುವುದು ಅನ್ನುವ ಚಿಂತೆ ಮುಖದ ಮೇಲಿತ್ತು. ಕಂದು ಹೆಣ್ಣುಕುದುರೆಯ ಜೀನಿಗೆ ಕಾಲು ಹಾಕುವಷ್ಟರಲ್ಲಿ ಹಜೆಕಾ ಬಂದು ಅದರ ತೊಡೆಯ ಮೇಲಿನ ಮುದ್ರೆ ಸವರಿದಳು. ನಮ್ಮ ಕೋಟೆಯದೇ ಮುದ್ರೆ.

"ನನ್ನ ಮದುವೆಗೆ ಇಪ್ಪತ್ತು ಕುದುರೆ ತಂದಿದ್ದೆ. ಇದು ಅದರಲ್ಲಿ ಒಂದು. ಹತ್ತೊಂಬತ್ತನ್ನ ಆಮೇಲೆ ಕಳಿಸಿ, ಪರವಾಗಿಲ್ಲ."

ಗುಂಜೆಲಿನ್ ಲಗಾಮು ಅವಳ ಕೈಗಿಟ್ಟ. ಹೊರಡುವ ಮುಂಚೆ ನಮಸ್ಕಾರ ಮಾಡಬೇಕಲ್ಲ. ರಾಣಿಗಾದರೆ ನೆಲದವರೆಗೆ ಬಗ್ಗಬೇಕು, ಕೋಟೆಮನೆಯ ಹೆಣ್ಣುಮಗಳಿಗಾದರೆ ತಲೆ ಆಡಿಸಿದರೂ ಸಾಕು. ಇವಳಿಗೆ ಎಷ್ಟು ಅಂತ ತಿಳಿಯದೆ ಸೊಂಟದ ಹತ್ತಿರ ಅರ್ಧಕ್ಕೆ ಬಗ್ಗಿ ಹಾಗೇ ನಿಂತುಬಿಟ್ಟ.

"ಬೆನ್ನು ಹಿಡ್ಕೊಂಡ್ತಾ?" ಅಂದಳು ಹಜೆಕಾ. "ಸಮುದ್ರದವರೆಗೆ ನಡೀತೀರಲ್ಲ, ಸರಿಹೋಗುತ್ತೆ."