ಎರಡು ಕೆನ್ನೆ, ಒಂದು ಬಾಣ

ಟಕ್ ಟಕ್ ಅನ್ನುತ್ತಿದೆ, ಫ್ಯಾನಿರಬೇಕು, ಎಣ್ಣೆ ಕಂಡು ಯಾವ ಕಾಲವಾಯಿತೋ — ಅಲ್ಲ, ಫ್ಯಾನಲ್ಲ, ಹೊರಗೆ ಹಾಲಿನಲ್ಲಿ ಅಕ್ಕ ಮೊಬೈಲಿನ ಬೆನ್ನಿಗೆ ಉಗುರು ಕುಟ್ಟುತ್ತಿದ್ದಾಳೆ, ಪದಬಂಧದಲ್ಲಿ ಪದ ಸಿಗದಿದ್ದರೆ ಅವಳು ಹಾಗೇ, ಸ್ಕೂಲಿನಲ್ಲಿ ಲೆಕ್ಕ ಬಾರದಾಗ ಸ್ಲೇಟಿಗೂ ಹಾಗೇ ಕುಟ್ಟುತ್ತಿದ್ದಳು, ಕುಟ್ಟಿದರೆ ಉತ್ತರ ಹೆದರಿ ಹೊರಗೆ ಬರುತ್ತದೆ ಅನ್ನುವವಳ ಹಾಗೆ. ಕುಟ್ಟಲಿ, ಪಾಪ, ಮಧ್ಯಾಹ್ನ ಕಳೆಯಲು ಅವಳಿಗೆ ಇನ್ನೇನಿದೆ ಅಂದುಕೊಂಡು ಒಳಕೋಣೆಯ ಮೇಜಿನ ಮುಂದೆ ಕೂತಿದ್ದ ತಂಗಿ, ನಾಳೆ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಲ್ಲ, ಬಸ್ಸು ಎಷ್ಟು ಹೊತ್ತಿಗಿದೆ ನೋಡೋಣವೆಂದು ಬಸ್ಸಿನ ವೇಳೆ ತೋರಿಸುವ ಪುಟ ತೆರೆದಳು, ಪುಟದ ಬಲಗಡೆ ಒಂದು ಚೌಕ ಕ್ಷಣಹೊತ್ತು ಬೆಳ್ಳಗೆ ನಿಂತಿತು, ಆಮೇಲೆ ತುಂಬಿಕೊಂಡಿತು — ಎಡಕ್ಕೆ ಊದಿದ ಕೆನ್ನೆ, ಬಲಕ್ಕೆ ಇಳಿದ ಕೆನ್ನೆ, ನಡುವೆ ಹಸಿರು ಬಾಣ. ಅವಳದೇ ಜಾಹೀರಾತು. ಈ ಊರಿನಲ್ಲಿ ಬರಲೇಬಾರದಾಗಿದ್ದ ಜಾಹೀರಾತು. ಎರಡೂ ಕೆನ್ನೆ ಅಕ್ಕನವು.

ಬರಬಾರದಾಗಿತ್ತು, ಅದು ಸಮುದ್ರದಾಚೆಯ ಜನಕ್ಕೆ, ಅಕ್ಕನನ್ನು ಕಂಡಿರದ, ಎಂದೂ ಕಾಣಲಾರದ ಜನಕ್ಕೆ ಮಾತ್ರ ಅಂತ ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಯಾರಿಗೆ ಗೊತ್ತಾಗುತ್ತೆ ಬಿಡು. ನಿನ್ನ ಕೆಲಸಕ್ಕೆ ಏನಂತಾರೇ, ಅಫಿಲಿಯೇಟು ಅಂದರೆ ಏನು ಅಂತ ಅಕ್ಕ ಒಮ್ಮೆ ಕೇಳಿದ್ದಳು, ಮಾಲೂ ನನ್ನದಲ್ಲ ಅಕ್ಕ, ಅಂಗಡೀನೂ ನನ್ನದಲ್ಲ, ಗಿರಾಕೀನ ಕೈಹಿಡಿದು ಬಾಗಿಲ ತನಕ ಬಿಟ್ಟುಬರೋದು ನನ್ನ ಕೆಲಸ, ಅವರು ಕೊಂಡ್ರೆ ನನಗೊಂದು ಪಾಲು, ಓ, ದಲ್ಲಾಳಿ ಅನ್ನು, ಅದಕ್ಯಾಕೆ ಅಷ್ಟುದ್ದ ಹೆಸರು, ಅಂದು ನಕ್ಕಿದ್ದಳು, ಆಗ ಅವಳ ಮುಖ ಇನ್ನೂ ಊದಿರಲಿಲ್ಲ, ನಕ್ಕರೆ ಕಣ್ಣು ಕಾಣುತ್ತಿದ್ದವು. ದಲ್ಲಾಳಿಯೇ ಸರಿ, ಆದರೆ ಜನವೇ ಬಾರದ ಸಂತೆಯಲ್ಲಿ ದಲ್ಲಾಳಿ ಏನು ಮಾಡುತ್ತಾನೆ, ವಾಲ್ಯೂಮ್ ಬೇಕು, ನೋಡುವ ಕಣ್ಣುಗಳ ರಾಶಿ ಬೇಕು, ವಾಲ್ಯೂಮ್, ಅದೊಂದೇ ಜಪ, ಜಾಹೀರಾತು ಜಾಲಗಳ ಬಾಗಿಲು ಬಡಿದೂ ಬಡಿದೂ ಗೆಣ್ಣು ಸವೆದಿತ್ತು — ಸಾವಿರಾರು ಪುಟಗಳಲ್ಲಿ ಖಾಲಿ ಚೌಕ ಹಿಡಿದಿಟ್ಟುಕೊಂಡು ಅವಳಂಥವರಿಗೆ ಬಾಡಿಗೆಗೆ ಕೊಡುವ ಕಂಪನಿಗಳು, ಒಂದು ಕಂಪನಿ, ಆರೋಗ್ಯದ ಮಾಲು ನಮಗೆ ಬೇಡ ಅಂತು, ಒಂದು ಉತ್ತರವನ್ನೇ ಕೊಡಲಿಲ್ಲ, ಇನ್ನೊಂದರಲ್ಲಿ ಕ್ಲಿಕ್ಕುಗಳು ದಬದಬ ಬಿದ್ದವು, ನೋಡು ಅಕ್ಕ, ನೋಡು ಅಂತ ಕುಣಿದಿದ್ದಳು, ಆಮೇಲೆ ನೋಡಿದರೆ ಬಂದವರು ಯಾರೂ ಮನುಷ್ಯರಲ್ಲ, ಯಂತ್ರಗಳು ಒತ್ತಿ ಯಂತ್ರಗಳು ಹೋಗಿದ್ದವು, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಉಳಿದದ್ದು ಮೊದಲಿಂದ ಇದ್ದ ಒಂದು ಹಳೆಯ ಸಣ್ಣ ಜಾಲ, ನಲ್ಲಿಯಲ್ಲಿ ನೀರು ನಿಂತಮೇಲೆ ತೊಟ್ಟಿಕ್ಕುವ ಹನಿಯ ಹಾಗೆ ಗಿರಾಕಿ. ಕಡೆಗೆ ಕಸುಬಿನವರ ಗುಂಪಿನಲ್ಲಿ ಎಲ್ಲರೂ ದೊಡ್ಡಣ್ಣ ಅನ್ನುವ ಒಬ್ಬಾತ ಹೊಸ ಜಾಲದ ಗುಟ್ಟು ಬಿಟ್ಟುಕೊಟ್ಟ, ಅದು ಕೆರೆಯಲ್ಲಮ್ಮ, ಸಮುದ್ರ, ಅಡುಗೆ, ಬಸ್ಸು, ಹವಾಮಾನ, ಆಟ, ಪದಬಂಧ, ಜನ ಎಲ್ಲೆಲ್ಲಿ ಕಣ್ಣಾಡಿಸ್ತಾರೋ ಅಲ್ಲೆಲ್ಲ ಅವರ ಚೌಕ ಇದೆ, ಈಜು ಬರುತ್ತೆ ತಾನೆ? ಬರುತ್ತೆ ಅಂದಿದ್ದಳು. ಪದಬಂಧ ಅಂದಿದ್ದು ಆಗ ಕಿವಿಗೇ ಬಿದ್ದಿರಲಿಲ್ಲ, ಈಗ ಬಿತ್ತು, ಹಾಲಿನಲ್ಲಿ ಟಕ್ ಟಕ್.

ಎಲ್ಲಿ ತಪ್ಪಿದೆ, ಬೇಗ, ಬೇಗ ನೋಡು. ದೇಶ. ದೇಶದ ಜಾಗ ಖಾಲಿ ಬಿಟ್ಟಿದ್ದಾಳೆ, ಹಳೆಯ ಜಾಲದಲ್ಲಿ ಅದನ್ನು ಖಾಲಿ ಬಿಟ್ಟರೆ ಮೊದಲೇ ಗೊತ್ತುಮಾಡಿಟ್ಟ ಒಂದೇ ದೇಶಕ್ಕೆ ಹೋಗುತ್ತಿತ್ತು, ಅದೇ ರೂಢಿ, ಹೊಸದರಲ್ಲಿ ಖಾಲಿ ಅಂದರೆ ಬೇಲಿಯೇ ಇಲ್ಲ, ಭೂಮಿ ಇರುವಷ್ಟೂ — ಅಷ್ಟು ಸಾಲದೆಂದು ಜಾಹೀರಾತಿನ ಸಾಲುಗಳು ನೋಡುವವರ ಭಾಷೆಗೆ ತಾವಾಗಿಯೇ ತಿರುಗಲಿ ಎಂಬುದಕ್ಕೂ ಜಂಭದಿಂದ ಗುರುತು ಹಾಕಿದ್ದಾಳೆ, ಬೆಳಿಗ್ಗೆ ಕ್ಯಾಂಪೇನು ಎಬ್ಬಿಸಿದಾಗ ಅಂಕಿ ಏರುವ ಅಂದಕ್ಕೆ ಮೈಮರೆತು ಕಾಫಿ ಆರಿಹೋದದ್ದೂ ತಿಳಿದಿರಲಿಲ್ಲ. ಥೂ, ಹುಚ್ಚುಮುಂಡೇದೆ. ಬೇರೆ ಮುಖ ಸಿಗಲಿಲ್ಲವೇ ನಿನಗೆ, ಸಿಗದೇನು, ರೂಪದರ್ಶಿಯರ ಮುಖ ಬೇಕಾದಷ್ಟು ಸಿಗುತ್ತವೆ, ಆದರೆ ಅವುಗಳ ಮೇಲೆ ಯಾರೂ ಬೆರಳು ಒತ್ತುವುದಿಲ್ಲ, ಜನಕ್ಕೆ ನಿಜದ ಮುಖ ಬೇಕು, ಮಂಕು ಬೆಳಕು, ಹಿಂದೆ ಮಾಸಿದ ಗೋಡೆ, ಆಗ ಒತ್ತುತ್ತಾರೆ, ಮತ್ತು ಅಂಥ ಒಂದು ಫೋಟೋ ಅವಳ ಮೊಬೈಲಿನಲ್ಲಿ ಮೊದಲೇ ಇತ್ತು. ಡಾಕ್ಟರಿಗೆ ಕಳಿಸಲು ತೆಗೆದದ್ದು. ಮಾತ್ರೆ ಶುರುವಾದಮೇಲೆ ಎಷ್ಟು ಊದಿದೆ ಅಂತ ಅವರಿಗೆ ಗೊತ್ತಾಗ್ಬೇಕಂತೆ ಪುಟ್ಟಿ, ಚೆನ್ನಾಗಿ ಕಾಣೋ ಹಾಗೆ ತೆಗೀಬೇಡ, ಇರೋ ಹಾಗೇ ತೆಗಿ, ಅಂದು ಅಕ್ಕ ಕಿಟಕಿಯ ಪಕ್ಕ ಕೂತಳು, ನಗಲಿಲ್ಲ, ಕೂದಲು ಹಿಂದಕ್ಕೆ ಕಟ್ಟಿದಳು, ಕೆನ್ನೆ ಕಾಣಲಿ ಅಂತ. ತಾಯಿಯಿಲ್ಲದ ಮನೆಯಲ್ಲಿ ದಿನಾ ಬೆಳಿಗ್ಗೆ ಇವಳ ಜಡೆ ಹೆಣೆದ ಕೈಗಳೇ ಆ ಕೂದಲನ್ನು ಕಟ್ಟಿದ್ದು. ಬಲಗಡೆಯ ಫೋಟೋ ಅದಕ್ಕೂ ಮುಂಚಿನದು, ಕಾಯಿಲೆಯ ಸುಳಿವೂ ಇಲ್ಲದ ಕಾಲದ್ದು, ತಾರಸಿಯ ಮೇಲೆ ಬಟ್ಟೆ ಒಣಗಹಾಕುತ್ತ ಕತ್ತು ವಾರೆ ಮಾಡಿ ನಕ್ಕದ್ದು, ಹೊಲಿಗೆ ಕ್ಲಾಸಿಗೆ ಹೊತ್ತಾಯ್ತು ಬಿಡೇ ಅನ್ನುತ್ತ ನಕ್ಕದ್ದು — ಮೊದಲಿನದನ್ನು ಆಮೇಲೆ ಮಾಡಿ, ಆಮೇಲಿನದನ್ನು ಮೊದಲು ಮಾಡಿ, ನಡುವೆ ಬಾಣ ಎಳೆದಳು, ಮೂಗಿನಿಂದ ಮೇಲಕ್ಕೆ ಕತ್ತರಿಸಿದಳು, ಅರ್ಧ ಮುಖಕ್ಕೆ ಕ್ಲಿಕ್ಕು ಜಾಸ್ತಿ, ಸೀರೆಯ ಬಣ್ಣ ಬದಲಿಸಿದಳು, ಕೆಳಗೆ ಯಾವನೋ ಮಾರುವ ಸೊಪ್ಪಿನ ಪುಡಿಯ ಡಬ್ಬ. ಕಾಲವನ್ನೇ ತಿರುಗುಮುರುಗು ಮಾಡಿದ್ದಾಳೆ, ಬೆರಳ ತುದಿಯಲ್ಲಿ, ಒಂದು ಬೇಸರದ ಭಾನುವಾರ.

ನಿಲ್ಲಿಸು ಎಂಬುದನ್ನು ಒತ್ತಿದಳು, ಬಟನ್ನು ಕೆಂಪಾಯಿತು, ಉಸಿರು ಬಂತು, ಬಸ್ಸಿನ ಪುಟವನ್ನು ಮತ್ತೆ ತೆರೆದಳು — ಎಡಕ್ಕೆ ಊದಿದ ಕೆನ್ನೆ, ಬಲಕ್ಕೆ ಇಳಿದ ಕೆನ್ನೆ, ಬಾಣ. ಮತ್ತೆ ಒತ್ತಿದಳು, ಆಗಲೇ ಕೆಂಪಾದದ್ದು ಇನ್ನೆಷ್ಟು ಕೆಂಪಾಗುತ್ತದೆ, ಜಾಲದ ಕಂಪನಿಯ ಮ್ಯಾನೇಜರಿಗೆ ಫೋನು ಹಚ್ಚಿದಳು, ಬಾಗಿಲು ಮುಚ್ಚಿ, ದನಿ ತಗ್ಗಿಸಿ, ನಿಲ್ಲಿಸಿ ಅದನ್ನ, ಈಗಲೇ ನಿಲ್ಲಿಸಿ, ಅಯ್ಯೋ ಮೇಡಂ, ನಿಮ್ಮ ಬ್ಯಾನರ್ ರಾಕೆಟ್ ಥರ ಹೋಗ್ತಿದೆ, ಇಂಥ ಹೊತ್ತಲ್ಲಿ ಯಾರಾದ್ರೂ ನಿಲ್ಲಿಸ್ತಾರಾ, ನಿಲ್ಲಿಸಿ ಅಂದ್ನಲ್ಲ, ನಿಂತಿದೆ ಮೇಡಂ, ನೀವು ಒತ್ತಿದ ತಕ್ಷಣ ನಿಂತಿದೆ, ಆದ್ರೆ ಆಗಲೇ ಪುಟಗಳಿಗೆ ಹಂಚಿಹೋಗಿರೋದು ಮುಗಿಯೋ ತನಕ ಕಾಣ್ತಾ ಇರುತ್ತೆ, ಸಂಜೆಯೊಳಗೆ ಒಂದೂ ಇರಲ್ಲ, ಯಾಕೆ ಮೇಡಂ, ಯಾರಾದ್ರೂ ಕಂಪ್ಲೇಂಟ್ ಕೊಟ್ರಾ? ಇಲ್ಲ, ಅಂದಳು, ಇನ್ನೂ ಇಲ್ಲ. ಸಂಜೆ. ಸಂಜೆಯ ತನಕ ಆ ಮೊಬೈಲು ಅಕ್ಕನ ಕೈಯಲ್ಲಿರಬಾರದು, ಅಷ್ಟೇ ತಾನೆ, ಎದ್ದು ಹಾಲಿಗೆ ಬಂದಳು, ಮುಖದ ಮೇಲೆ ಎಲ್ಲಿಂದಲೋ ಒಂದು ನಗು ತಂದು ಅಂಟಿಸಿಕೊಂಡು, ಕೊಡು ಅಕ್ಕ, ಚಾರ್ಜಿಗೆ ಹಾಕ್ತೀನಿ, ಬೇಡ ಕಣೆ, ತುಂಬಾ ಇದೆ, ಕಣ್ಣು ನೋಯಲ್ವಾ, ಸ್ವಲ್ಪ ಹೊತ್ತು ಮಲಗು, ಮಲಗೀ ಮಲಗೀ ಬೆನ್ನು ಸವೆದಿದೆ, ಕಾಫಿ ಮಾಡಲಾ, ಮಾಡು, ಆದ್ರೆ ಇವತ್ತೇನೇ ನನ್ನ ಮೇಲೆ ಇಷ್ಟು ಪ್ರೀತಿ, ಏನಾದ್ರೂ ಒಡೆದುಹಾಕಿದೀಯಾ? ಚಿಕ್ಕವಳಿದ್ದಾಗ ಲೋಟ ಒಡೆದ ದಿನ ಇವಳು ಹೀಗೇ ಅಕ್ಕನ ಸುತ್ತ ಸುಳಿಯುತ್ತಿದ್ದಳಂತೆ, ಅಕ್ಕನಿಗೆ ಎಲ್ಲ ನೆನಪಿದೆ, ಮಾತ್ರೆ ಅವಳ ಮುಖವನ್ನು ಊದಿಸಿತೇ ಹೊರತು ನೆನಪನ್ನು ಮುಟ್ಟಲಿಲ್ಲ. ಅಡುಗೆಮನೆಗೆ ಹೋಗುವ ದಾರಿಯಲ್ಲಿ ವೈಫೈ ಪೆಟ್ಟಿಗೆಯ ಸ್ವಿಚ್ಚು, ಕೈ ತಾನಾಗಿಯೇ ಹೋಯಿತು, ಟಿಕ್, ಹಸಿರು ದೀಪ ಸತ್ತಿತು, ಅಬ್ಬ — ನೆಟ್ ಹೋಯ್ತಲ್ಲೇ, ಅಂತ ಹಾಲಿನಿಂದ ದನಿ, ಹೌದಾ, ಕಂಪನಿಯವರದ್ದೇನೋ ತೊಂದರೆ ಇರಬೇಕಕ್ಕ, ಇರಲಿ ಬಿಡು, ನನ್ನ ಸಿಮ್ಮಲ್ಲೇ ಇದೆಯಲ್ಲ, ನೀನೇ ಹಾಕಿಸಿಕೊಟ್ಟಿದ್ದು, ಆಸ್ಪತ್ರೇಲಿ ಕಾಯ್ತಾ ಕೂತಾಗ ಬೇಜಾರಾಗ್ದೇ ಇರ್ಲಿ ಅಂತ. ಹೌದು, ತಾನೇ ಹಾಕಿಸಿಕೊಟ್ಟಿದ್ದು. ಒಲೆಯ ಮುಂದೆ ನಿಂತಳು, ಕಾಯುವ ಹಾಲಿನ ಮೇಲೆ ಕಣ್ಣು, ಕಿವಿ ಹೊರಗೆ, ಟಕ್ ಟಕ್, ಕುಟ್ಟಲಿ, ಕುಟ್ಟುವಷ್ಟು ಹೊತ್ತೂ ಅವಳು ಪದಬಂಧದಲ್ಲಿದ್ದಾಳೆ, ಚೌಕದ ಕಡೆ ನೋಡಿಲ್ಲ, ದೇವರೇ, ಕುಟ್ಟುತ್ತಲೇ ಇರಲಿ, ಆ ಪದ ಅವಳಿಗೆ ಸಂಜೆಯ ತನಕ ಸಿಗದೇ ಇರಲಿ, ಕಂಡರೂ ಬೇರೆ ಯಾರದೋ ಸೋಪಿನದ್ದು, ಸಾಲದ್ದು, ಚಪ್ಪಲಿಯದ್ದು ಕಾಣಲಿ, ಎಷ್ಟೊಂದು ಜನ ಆ ಚೌಕಕ್ಕಾಗಿ ಹೊಡೆದಾಡುತ್ತಾರೆ, ಒಂದು ದಿನ, ಇವತ್ತೊಂದು ದಿನ ಅವರೆಲ್ಲ ಗೆಲ್ಲಲಿ, ತಾನು ಸೋಲಲಿ. ನೋಡಿದರೆ ಏನು ಹೇಳುವುದು. ಬಚ್ಚಲಿನ ಕನ್ನಡಿಯ ಮೇಲೆ ಅಕ್ಕ ಟವೆಲು ಹಾಕಿಟ್ಟಿದ್ದಾಳೆ, ಹಲ್ಲುಜ್ಜುವಾಗಲೂ ತೆಗೆಯುವುದಿಲ್ಲ, ಪಕ್ಕದ ಮನೆಯವರು ಬಂದರೆ ಒಳಗೆ ಎದ್ದುಹೋಗುತ್ತಾಳೆ, ಯಾರಿಗೂ ತೋರಿಸದ ಆ ಮುಖವನ್ನು ತಾನು ಬೆಳಿಗ್ಗೆಯಿಂದ ಲೋಕಕ್ಕೆಲ್ಲ ಹಂಚಿದ್ದಾಳೆ, ಹಾಲು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು, ಟಕ್ ಟಕ್ ನಿಂತಿತ್ತು.

ಪುಟ್ಟೀ, ಬಾರೇ ಇಲ್ಲಿ. ದನಿಯಲ್ಲಿ ಏನಿತ್ತು, ಸಿಟ್ಟೇ, ಅಳುವೇ, ಗೊತ್ತಾಗಲಿಲ್ಲ, ಕಾಲು ತಾವಾಗಿ ನಡೆದವು, ಅಕ್ಕ ಮೊಬೈಲನ್ನು ಇವಳ ಕಡೆ ತಿರುಗಿಸಿ ಹಿಡಿದಿದ್ದಳು, ಎಡಕ್ಕೆ, ಬಲಕ್ಕೆ, ಬಾಣ, ನೋಡೇ ಇವಳನ್ನ, ಪಾಪ, ನನ್ನ ಥರಾನೇ ಊದಿತ್ತು, ಈಗ ನೋಡು ಹೇಗಿದಾಳೆ, ಅಂದಳು. ಗುರುತು ಸಿಕ್ಕಿಲ್ಲ. ಸಿಕ್ಕಿಲ್ಲ, ಸಿಕ್ಕಿಲ್ಲ — ಮೈಯೆಲ್ಲ ಹಗುರಾಗಿ ಇವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು, ನಗು ಬರುವುದರಲ್ಲಿತ್ತು, ಆ ನಗುವಿಗೆ ಇವಳಿಗೇ ಹೇಸಿಗೆಯಾಯಿತು, ಅಷ್ಟರಲ್ಲಿ ಅಕ್ಕ ಕೆಳಗಿನ ಸಾಲನ್ನು ಮಕ್ಕಳ ಹಾಗೆ ಬೆರಳಿಟ್ಟು ಓದಿದಳು, ಮುಖದ ಊತ ಇಳಿಯಿತು, ಒಂದೂ ಮಾತ್ರೆಯಿಲ್ಲದೆ. ಯಾವುದೋ ಪರಭಾಷೆಯಲ್ಲಿ ಇವಳೇ ಬರೆದಿದ್ದ ಸಾಲು, ಅಲ್ಲಿ ಅದು ಬರೀ ಸಾಲಾಗಿತ್ತು, ಇಲ್ಲಿ ಅಕ್ಕನ ಬಾಯಲ್ಲಿ. ಇದನ್ನ ತರಿಸಿಕೊಡೇ, ನಿನಗೆ ಇಂಥವರೆಲ್ಲ ಗೊತ್ತಿರ್ತಾರಲ್ಲ, ನಾಳೆ ಆಸ್ಪತ್ರೆ ಬೇಡ ಬಿಡು, ಆ ಮಾತ್ರೆ ನುಂಗೀ ನುಂಗೀ ಸಾಕಾಗಿದೆ ಕಣೆ, ಇವತ್ತಿಂದ್ಲೇ ಬಿಟ್ಟುಬಿಡ್ತೀನಿ. ಅಕ್ಕನ ಮುಖದಲ್ಲಿ ನಗು ಇತ್ತು, ಊದಿದ ಕೆನ್ನೆಗಳ ನಡುವೆ ಜಾಗ ಮಾಡಿಕೊಂಡು ಬಂದ ನಗು. ಡಾಕ್ಟರು ಮೇಜಿನ ಮೇಲೆ ಪೆನ್ನು ಕುಟ್ಟುತ್ತ ಹೇಳಿದ್ದರು, ನೋಡಮ್ಮ, ಮುಖ ಊದಿದ್ರೆ ಇಳಿಯುತ್ತೆ, ಮಾತ್ರೆ ಬಿಟ್ರೆ ಕಿಡ್ನಿ ಹೋಗುತ್ತೆ, ಹೋದದ್ದು ವಾಪಸ್ ಬರಲ್ಲ. ಬೇಡ ಅಕ್ಕ, ಅಂದಳು, ಅದು ಸುಳ್ಳು. ಸುಳ್ಳೂಂತ ನಿನಗೆ ಹೇಗೆ ಗೊತ್ತು? ಇಂಥವೆಲ್ಲ ಸುಳ್ಳೇ ಅಕ್ಕ. ಇಂಥವೆಲ್ಲ ಇರಬಹುದು, ಇವಳು ಸುಳ್ಳು ಅಂತ ಹೇಗೆ ಗೊತ್ತು, ನೀನೇನು ಕಂಡಿದೀಯಾ ಇವಳನ್ನ, ನಾನು ನೋಡ್ತಿದೀನಲ್ಲ, ಇದು ಬಣ್ಣ ಬಳಿದ ಮುಖ ಅಲ್ಲ, ಇಂಥ ಊತ ಪಟ್ಟವರಿಗೇ ಗೊತ್ತು, ಅಂದಳು ಅಕ್ಕ, ಹೆಬ್ಬೆರಳಿನಿಂದ ಆ ಕೆನ್ನೆಯನ್ನು ಮೆಲ್ಲಗೆ ಸವರುತ್ತ, ನೆರೆಮನೆಯ ಮಗುವನ್ನು ಸವರುವ ಹಾಗೆ, ಗದ್ದದ ಮೇಲೆ ಒಂದು ಮಚ್ಚೆ ಇದ್ದಿದ್ರೆ ನಾನೇ ಅಂದ್ಕೋತಿದ್ದೆ ಕಣೆ. ಹೇಳು, ಈಗ ಹೇಳು, ಒಂದೇ ಮಾತು, ಅದು ನೀನೇ ಅಕ್ಕ, ಹೇಳಿದರೆ ಆ ನಗು ಹೋಗುತ್ತದೆ, ಇನ್ನೆಂದೂ ನನ್ನ ಮುಂದೆ ಬರುವುದಿಲ್ಲ, ಹೇಳದಿದ್ದರೆ ಅಕ್ಕನೇ ಹೋಗುತ್ತಾಳೆ, ಹೇಳು, ಬಾಯಿ ತೆರೆದಿದೆ, ಕಣ್ಣು ಅಲ್ಲಿಂದ ಸರಿಯುವುದಿಲ್ಲ — ಎಡಕ್ಕೆ ಊದಿದ ಕೆನ್ನೆ, ಕೆನ್ನೆಯ ಕೆಳಗೆ ಗದ್ದ, ಗದ್ದದ ಮೇಲೆ ತಾನೇ ಬೆರಳ ತುದಿಯಿಂದ ತಿಕ್ಕಿ ತಿಕ್ಕಿ ಅಳಿಸಿದ ಜಾಗ, ನುಣ್ಣಗೆ, ಊದಿದ ಕೆನ್ನೆ, ನುಣ್ಣನೆಯ ಗದ್ದ, ಊದಿದ ಕೆನ್ನೆ, ಅದರ ಮೇಲೆ ಅಕ್ಕನ ಹೆಬ್ಬೆರಳು.