ಬಿಳಿಕಲ್ಲಿನ ದಾರಿ

"ನಡಿಯಾ ಬೇವರ್ಸಿ! ಕಾಲಿಗೆ ಎಂತ, ಮದರಂಗಿ ಹಚ್ಚಿಕೊಂಡಿದ್ದೀಯಾ? ಮುಂದೆ ನಡಿ!"

ಬಲ್ಲಾಳರು ಕೂಗಿದ್ದು ಜೀಪಿನೊಳಗಿನಿಂದ. ಜೀಪು ಬುಲ್ಡೋಜರಿನ ಹಿಂದೆ, ಬಹಳ ಹಿಂದೆ ನಿಂತಿತ್ತು. ಬುಲ್ಡೋಜರಿನ ಮುಂದೆ ಮಳೆಗಾಲದ ಹುಲ್ಲಿನಲ್ಲಿ ಕೊಗ್ಗ ಒಬ್ಬನೇ ಇದ್ದ. ಕೈಯಲ್ಲಿ ಕಬ್ಬಿಣದ ಸರಳು. ಅದರಿಂದ ನೆಲ ಕುಕ್ಕುತ್ತ ಅವನು ಮೊದಲು ದಾಟಬೇಕು, ಅವನು ದಾಟಿದ ಮೇಲೆ ಬುಲ್ಡೋಜರು ದಾಟಬೇಕು.

ಡ್ರೈವರ್ ಹಸೈನಾರ್ ಎಂಜಿನ್ ಆರಿಸಿದ. "ಸರ್, ಮನುಷ್ಯನ ಹಿಂದೆ ಗಾಡಿ ಓಡಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ."

"ಈ ಗಾಡಿಯ ಚೈನ್ ಹರಿದ್ರೆ ಬೇರೆ ಎಲ್ಲಿಂದ ತರ್ಲಿ? ಎಣ್ಣೆಯ ರೇಟು ಬಿದ್ದ ಮೇಲೆ ಒಂದು ನಟ್ಟು ಸಹ ಬರ್ತಾ ಇಲ್ಲ. ಇವನು ಹೋದ್ರೆ ಬೊಂಬಾಯಿಯಿಂದ ವಿಮಾನ ತುಂಬ ಬರ್ತದೆ. ಸ್ಟಾರ್ಟ್ ಮಾಡು. ನಿನ್ನ ಪಾಸ್‌ಪೋರ್ಟ್ ಯಾರ ಕೈಯಲ್ಲಿ ಉಂಟು ಅಂತ ನೆನಪಿರ್ಲಿ."

ಎಂಜಿನ್ ಮತ್ತೆ ಗುಡುಗಿತು. ಕೊಗ್ಗ ಒಂದು ಹೆಜ್ಜೆ ಇಟ್ಟ.

ಕಡಲಾಚೆಯ ಅರಬರ ನಾಡಿನಲ್ಲಿ, ಸಲಾಲಾ ಪೇಟೆಯ ಮೇಲಿನ ಆ ಬೆಟ್ಟಗಳಲ್ಲಿ ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಒಂದೇ ಮನೆಯ ಅಣ್ಣ ಸರ್ಕಾರದ ಕಡೆ, ತಮ್ಮ ಬಂಡುಕೋರರ ಕಡೆ ನಿಂತು ಗುಂಡು ಹಾರಿಸಿದ ಯುದ್ಧ. ಎರಡೂ ಕಡೆಯವರು ನೆಲಬಾಂಬು ಹೂತರು. ಎಲ್ಲಿ ಹೂತಿದೆಯೆಂದು ಬಲ್ಲವರಲ್ಲಿ ಅರ್ಧ ಜನ ಸತ್ತರು. ಗೆಲ್ಲುವ ಕಡೆಗೆ ಬೇಗ ಹಾರಿದವರಿಗೆ ಪೇಟೆಯಲ್ಲಿ ಬಂಗಲೆ, ಕಂಪನಿ, ಕಂಟ್ರಾಕ್ಟು ಸಿಕ್ಕವು. ತಡವಾಗಿ ಬಂದೂಕು ಒಪ್ಪಿಸಿದವರಿಗೆ ಅಂಥವರ ಗೇಟು ಕಾಯುವ ಕೆಲಸ. ಈ ರಸ್ತೆ ಕಂಪನಿಯ ಒಡೆಯ, ಅಂದರೆ ಇವರೆಲ್ಲರ ವೀಸಾಕ್ಕೆ ಹೊಣೆಯಾದ ಕಫೀಲ್, ಮೊದಲ ಜಾತಿಯವನು. ಅವನ ದೊಡ್ಡಪ್ಪನ ಮಗ ಮುಸಲ್ಲಮ್ ಎರಡನೆಯ ಜಾತಿಯವನು. ಈಗ ಸೈಟಿನ ಕಾವಲುಗಾರ. ಕೆಳಗೆ ಪೇಟೆಯಲ್ಲಿದ್ದ ಒಡೆಯನ ಬಂಗಲೆಯ ದಾರಿ ಅವನು ತುಳಿಯುತ್ತಿರಲಿಲ್ಲ.

ರಸ್ತೆ ಶುರುವಾದಾಗ ಬಾಂಬು ಹುಡುಕುವ ಯಂತ್ರ ಹಿಡಿದ ತಂಡವೊಂದು ಮುಂದೆ ಹೋಗುತ್ತಿತ್ತು. ಎಣ್ಣೆಯ ಬೆಲೆ ಬಿದ್ದದ್ದೇ ಕಂಪನಿ ಮೊದಲು ಮನೆಗೆ ಕಳಿಸಿದ್ದು ಆ ತಂಡವನ್ನು.

ಕೊಗ್ಗನೇ ಏಕೆ ಎಂಬುದಕ್ಕೂ ಕಾರಣವಿತ್ತು. ಸೈಟಿಗೆ ಬಂದ ದಿನ ಇಂಜಿನಿಯರ್ ಬಲ್ಲಾಳರು ಊರಿನ ಕಡೆಯವನೆಂದು ಖುಷಿಯಾಗಿ ಅವನ ಹೆಗಲ ಮೇಲೆ ಕೈ ಹಾಕಿದ್ದರು.

"ಯಾವ ಊರು ಮಾರಾಯ? ಯಾರ ಮಗ?"

ಕೊಗ್ಗ ಅಪ್ಪನ ಹೆಸರು ಹೇಳಿದ. ಹೆಗಲ ಮೇಲಿನ ಕೈ ಜಾರಿತು. ಬಲ್ಲಾಳರು ಅದನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಹೋ, ಕೊರಗರವನಾ? ನಮ್ಮ ಬೀಡಿನ ಕಂಬಳದಲ್ಲಿ ಕೋಣ ಬಿಡುವ ಮೊದಲು ನಿನ್ನ ಅಪ್ಪನನ್ನೇ ಗದ್ದೆಯಲ್ಲಿ ಓಡಿಸ್ತಾ ಇದ್ದದ್ದು. ಗಾಜು, ಮುಳ್ಳು ಇದ್ರೆ ಅವನ ಕಾಲಿಗೇ ಚುಚ್ಲಿ ಅಂತ. ನಿಮ್ಮ ಕಾಲು ಗಟ್ಟಿ."

ಹೇಳಿ ನಕ್ಕರು. ನಗುತ್ತಿರುವಾಗಲೇ ಅವರಿಗೆ ಈ ಉಪಾಯ ಹೊಳೆದಿರಬೇಕು. ಕಡಲು ದಾಟಿದರೆ ಜಾತಿ ಕೇಳುವವರಿಲ್ಲ ಎಂದು ಮಂಗಳೂರಿನ ಏಜೆಂಟ್ ಹೇಳಿದ್ದ. ಕೊಗ್ಗ ಆ ರಾತ್ರಿ ಊಟ ಮಾಡಲಿಲ್ಲ.

ಅವನ ಪಾಲಿನ ಸಾವನ್ನು ಹಂಚಿಕೊಳ್ಳಲು ಬಂದವನು ಕೋಲಾರದ ಕಡೆಯ ಮುನಿಯಪ್ಪ. ಅವನನ್ನು ಯಾರೂ ಕರೆದಿರಲಿಲ್ಲ.

"ಒಂದಿನ ನೀನು, ಒಂದಿನ ನಾನು ಕಣಣ್ಣ," ಎಂದ ಮುನಿಯಪ್ಪ, ಸರಳು ಕಿತ್ತುಕೊಂಡು. "ನಮ್ಮೂರಾಗೆ ನಾನೂ ಊರಾಚೆಯೋನೇ. ನೀನೊಬ್ನೇ ಯಾಕ್ ಸಾಯ್ತೀಯ?" ಆಮೇಲೆ ಜೀಪಿನ ಕಡೆ ತಿರುಗಿ, "ಸಾಮಿ, ಒಂದ್ಸಲ ನೀವೂ ಬರ್ರಿ ಮುಂದಕ್ಕೆ. ಗಾಳಿ ಚೆನ್ನಾಗದೆ!" ಎಂದು ಕೂಗಿದ. ಅದಕ್ಕೆ ಬಲ್ಲಾಳರು ಅವನ ತಾಯಿಯನ್ನು ಎಳೆದು ಬೈದರು. ಮುನಿಯಪ್ಪ ಹೆಂಡತಿ ಪುಟ್ಟಲಕ್ಷ್ಮಮ್ಮನ ಉಪ್ಸಾರಿನ ಸುದ್ದಿ ಹೇಳಿಕೊಳ್ಳುತ್ತ, ಹುಲ್ಲು ಕುಕ್ಕುತ್ತ ನಡೆದ.

ಅವನ ಸರದಿಯ ಒಂದು ಬೆಳಿಗ್ಗೆ ಬೆಟ್ಟ ಒಡೆದ ಹಾಗೆ ಸದ್ದಾಯಿತು.

ಮಂಜಿನೊಳಗೆ ಮಣ್ಣು ಸುರಿದು ನಿಂತಿತು. ಕೊಗ್ಗ ಮುನಿಯಪ್ಪನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ಅದೇ ಹೆಜ್ಜೆಗಳಲ್ಲಿ ವಾಪಸು ಬಂದ. ಮುನಿಯಪ್ಪನಿಗೆ ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ. ಜೀವ ಇತ್ತು. ಹಸೈನಾರ್ ಬನಿಯನ್ ಹರಿದು ತೊಡೆಗೆ ಬಿಗಿದ.

"ಜೀಪು ತೆಗೀರಿ ಧನಿ! ಆಸ್ಪತ್ರೆಗೆ ಮುಟ್ಟಿಸುವ!" ಎಂದು ಕೊಗ್ಗ ಕೂಗಿದ.

ಬಲ್ಲಾಳರು ಕೀಲಿಯನ್ನು ಜೇಬಿಗಿಳಿಸಿದರು. "ಆಸ್ಪತ್ರೆಗೆ ಹೋದ್ರೆ ಪೊಲೀಸ್ ಬರ್ತದೆ. ಬಾಂಬು ಹುಡುಕುವವರು ಎಲ್ಲಿ ಅಂತ ಕೇಳ್ತದೆ. ಕಂಟ್ರಾಕ್ಟ್ ಖಲಾಸ್. ನಿಮ್ಮ ಅನ್ನವೂ ಖಲಾಸ್. ನೋಡುವ ಸ್ವಲ್ಪ ಹೊತ್ತು."

ಕೊಗ್ಗ ಅವರ ಬೂಟು ಹಿಡಿದುಕೊಂಡ. ಬಲ್ಲಾಳರು ಕಾಲು ಕೊಡವಿದರು. "ಮುಟ್ಟಬೇಡ!"

ಮುನಿಯಪ್ಪ ನೀರು ಕೇಳಿದ. ಆಮೇಲೆ ಚಳಿ ಎಂದ. ನೆತ್ತಿಯ ಮೇಲೆ ಹೊತ್ತು ಬರುವಷ್ಟರಲ್ಲಿ ಸತ್ತ.

"ಇಲ್ಲೇ ಎಲ್ಲಾದ್ರೂ ಗುಂಡಿ ತೋಡಿ," ಎಂದರು ಬಲ್ಲಾಳರು. "ಪರಾರಿಯಾದ ಅಂತ ಬರೆದು ಕೊಡ್ತೇನೆ. ದಿನಾ ಎಷ್ಟು ಜನ ಪರಾರಿ ಆಗುವುದಿಲ್ಲ?"

"ಅವನ ಹೆಂಡತಿ?" ಕೊಗ್ಗ ಕೇಳಿದ.

"ಯಾವುದೋ ರಂಡೆಯ ಹಿಂದೆ ಓಡಿಹೋದ ಅಂತ ತಿಳ್ಕೊಳ್ತಾಳೆ. ನಾಕು ದಿನ ಬೈತಾಳೆ. ಬಿಡು."

ಹೀಗೆಂದು ಅವರು ಊಟಕ್ಕೆ ನಡೆದರು.

ಬಲ್ಲಾಳರ ವಾಸ ಒಂದು ದಿಬ್ಬದ ಮೇಲೆ, ಯುದ್ಧಕಾಲದ ಕಲ್ಲಿನ ಕಾವಲುಮನೆಯಲ್ಲಿ. ಕೆಲಸದವರ ಡೇರೆಗಳಿಂದ ಅದು ದೂರ ಎಂದು ಅವರೇ ಆರಿಸಿಕೊಂಡದ್ದು. ಕಾವಲುಮನೆಯ ಸುತ್ತಲೂ ಬಾಂಬು ಹೂತಿದ್ದರು. ಬಾಂಬು ಹುಡುಕುವ ತಂಡ ಹೋಗುವ ಮೊದಲು ಬಾಗಿಲಿನ ತನಕ ಒಂದೇ ಒಂದು ಸಪೂರ ದಾರಿಯನ್ನು ಹಸನು ಮಾಡಿ, ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು ಇಟ್ಟಿತ್ತು. ಜಲ್ಲಿನೆಲ, ಅಲ್ಲಿ ಹೆಜ್ಜೆಯ ಗುರುತು ನಿಲ್ಲುವುದಿಲ್ಲ. ದಾರಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಬಳುಕುತ್ತ ಏರುತ್ತಿತ್ತು. ಬಲ್ಲಾಳರು ಯಾವಾಗಲೂ ತಲೆ ತಗ್ಗಿಸಿ, ಆ ಬಿಳಿಕಲ್ಲುಗಳ ನಡುವೆ ಮಾತ್ರ ಕಾಲಿಡುತ್ತಿದ್ದರು.

ಮಧ್ಯಾಹ್ನ ಮಂಜು ದಟ್ಟವಾಗಿ ಇಳಿಯಿತು. ದಿಬ್ಬದ ಬುಡದಲ್ಲಿ ನಿಂತರೆ ಮೇಲಿನಿಂದ ಬಲ್ಲಾಳರ ಗೊರಕೆ ಕೇಳುತ್ತಿತ್ತು.

ಕೊಗ್ಗ ಗುಂಡಿ ತೋಡಲಿಲ್ಲ. ಗೋಣಿಚೀಲ ಹಿಡಿದು ಬಾಗಿಲಿನ ತನಕ ಹೋದ. ಅಲ್ಲಿಂದ ಹಿಮ್ಮುಖವಾಗಿ ಇಳಿಯುತ್ತ, ಎಡದ್ದೊಂದು ಬಲದ್ದೊಂದು ಕಲ್ಲು ಕಿತ್ತು ಚೀಲಕ್ಕೆ ಹಾಕತೊಡಗಿದ. ಚೀಲ ತುಂಬಿದಾಗ ಹಸೈನಾರ್ ಇನ್ನೊಂದನ್ನು ಕೊಟ್ಟ.

"ಜೈಲು ಖಂಡಿತ ಮಾರಾಯ."

"ಹೋಗುವ. ಆದ್ರೆ ಮೇಲೆ ಮಲಗಿದ ಇವನನ್ನು ಇಳಿಸ್ಲಿಕ್ಕೆ ಬಾಂಬು ಹುಡುಕುವ ಯಂತ್ರ ಹಿಡಿದುಕೊಂಡು ಜನ ಬರ್ಲೇಬೇಕಲ್ಲ? ಯಾಕೆ ಅಂತ ಆಗ ಕೇಳ್ಲಿಕ್ಕೇ ಬೇಕು." ಕೊಗ್ಗ ಇನ್ನೊಂದು ಕಲ್ಲು ಕಿತ್ತ. "ಕೇಳದಿದ್ರೆ ಇವನು ಅಲ್ಲಿಯೇ ಕೊಳೀಲಿ."

ದಾರಿಯ ಬುಡದ ಬಂಡೆಯ ಮೇಲೆ ಕುಳಿತ ಮುಸಲ್ಲಮ್ ಎಲ್ಲವನ್ನೂ ನೋಡಿದ. ಅವನ ಬಂದೂಕು ತೊಡೆಯ ಮೇಲೆಯೇ ಇತ್ತು. ಕೊನೆಯ ಕಲ್ಲಿಗೆ ಕೊಗ್ಗ ಬಾಗಿದಾಗ ಮುಸಲ್ಲಮನೇ ಎದ್ದು ಬಂದು, ಅದನ್ನು ಕಾಲಿನಿಂದ ಮೀಟಿ ಚೀಲದ ಕಡೆ ಉರುಳಿಸಿದ.

ಚೀಲಗಳನ್ನು ಕಮರಿಗೆ ಸುರಿದರು. ಮುನಿಯಪ್ಪನನ್ನು ಡೇರೆಯ ಬಟ್ಟೆಯಲ್ಲಿ ಸುತ್ತಿ, ಬುಲ್ಡೋಜರಿನ ಸೀಟಿನ ಹಿಂದಿನ ಡೀಸೆಲ್ ಟ್ಯಾಂಕಿನ ಮೇಲೆ ಮಲಗಿಸಿ ಹಗ್ಗ ಬಿಗಿದರು. ಆಮೇಲೆ ಹಸೈನಾರ್ ಗಾಡಿ ತಿರುಗಿಸಿ, ವೈರ್‌ಲೆಸ್ಸಿನ ಸಮೇತ ಜೀಪನ್ನು ಅಂಚಿಗೆ ನೂಕಿದ. ಅದು ಎರಡು ಸಲ ಮಗುಚಿ ಕೆಳಗೆಲ್ಲೋ ಸದ್ದು ಮಾಡಿತು.

ಬಲ್ಲಾಳರು ಬನಿಯನ್ನಿನಲ್ಲೇ ಬಾಗಿಲಿಗೆ ಓಡಿ ಬಂದರು. ಹೊಸ್ತಿಲಲ್ಲಿ ಗಕ್ಕನೆ ನಿಂತರು.

"ಕಲ್ಲು ಎಲ್ಲಿ? ಏಯ್ ಕೊರಗಾ! ದಾರಿಯ ಕಲ್ಲು ಎಲ್ಲಿ?"

"ನಡೀರಿ," ಎಂದ ಕೊಗ್ಗ. 'ಧನಿ' ಎಂಬುದು ಅವನ ಬಾಯಿಗೆ ಬರಲಿಲ್ಲ. "ಕಾಲು ಉಂಟಲ್ಲ, ನಡೀರಿ."

"ಸೂಳೆಮಗನೇ, ನಿನ್ನ ಚರ್ಮ ಸುಲೀತೇನೆ!"

"ಬನ್ನಿ, ಸುಲೀರಿ. ಇಲ್ಲೇ ಇದ್ದೇನೆ."

ಬಲ್ಲಾಳರು ಮುಸಲ್ಲಮನ ಕಡೆ ಕೈಚಾಚಿ ಕೂಗಿದರು. ತಮಗೆ ಬರುವ ಅರಬಿ, ಹಿಂದಿ ಎಲ್ಲ ಬೆರೆಸಿ, ಬಾಂಬು ಎಲ್ಲಿದೆಯೆಂದು ನಿನಗೆ ಗೊತ್ತು, ಇಟ್ಟವರು ನೀವೇ ಅಲ್ಲವೇ ಎಂದು ಅಂಗಲಾಚಿದರು.

"ಮಾ ಆರಿಫ್," ಎಂದ ಮುಸಲ್ಲಮ್. ಗೊತ್ತಿಲ್ಲ. ಬಂದೂಕನ್ನು ಹೆಗಲಿಗೇರಿಸಿ, ದನ ಮೇಯುವ ಕಡೆಗೆ ಮಂಜಿನೊಳಗೆ ಹೋದ.

"ಕೊಗ್ಗಾ... ಕೊಗ್ಗಣ್ಣಾ! ಒಂದೇ ಊರಿನವರಲ್ವಾ ನಾವು? ಮೊದಲು ಯಾವ ಕಡೆಗೆ ಕಾಲಿಡ್ಲಿ, ಅಷ್ಟು ಹೇಳು ಮಾರಾಯ!"

ಕೊಗ್ಗ ಬುಲ್ಡೋಜರ್ ಹತ್ತಿ, ಮುನಿಯಪ್ಪನ ಪಕ್ಕದಲ್ಲಿ ಕೂತು ಹೆಣದ ಮೇಲೆ ಕೈಯಿಟ್ಟ. ಕಬ್ಬಿಣದ ಚೈನುಗಳು ಕಳೆದ ತಿಂಗಳಷ್ಟೇ ಹಾಕಿದ ಡಾಂಬರನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತ ಸಲಾಲಾದ ಕಡೆ ಹೊರಳಿದವು.

ಮಂಜು ಮುಚ್ಚಿಕೊಳ್ಳುವ ಮುನ್ನ ಅವನು ಒಮ್ಮೆ ತಿರುಗಿ ನೋಡಿದ. ಬಲ್ಲಾಳರು ಎರಡೂ ಕೈಗಳಲ್ಲಿ ಬಾಗಿಲಿನ ಚೌಕಟ್ಟು ಹಿಡಿದು, ಬರಿಗಾಲೊಂದನ್ನು ಜಲ್ಲಿಯ ಮೇಲೆ ಚಾಚಿದ್ದರು. ಹೆಬ್ಬೆರಳು ಇನ್ನೂ ನೆಲಕ್ಕೆ ತಾಗಿರಲಿಲ್ಲ.